ಪರೋಪಕಾರದ ಬುಡದಲ್ಲಿ ಸ್ವಾರ್ಥವೇ ಇದೆಯೇ?

ಪರ: ಧನಿಗಳು ಲೆಕ್ಕ ತಪ್ಪಿದವರಲ್ಲ

ಹದಿಮೂರನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಬಂದು ಮುಂಬಯಿ ಫೋರ್ಟಿನ ಹೋಟೆಲೊಂದರಲ್ಲಿ ಕಪ್ಪು-ಬಸಿ ತೊಳೆಯಲು ಸೇರಿದೆ. ಸಂಜೆಯಾದರೆ ಧನಿಗಳೇ ನನ್ನನ್ನು ಕನ್ನಡ ರಾತ್ರಿ ಶಾಲೆಗೆ ಅಟ್ಟುತ್ತಿದ್ದರು. ಪುಸ್ತಕ, ಫೀಸು ಅವರದೇ. ಊರಿನವರು ಅವರನ್ನು ದೇವರೆಂದರು. ನಾನೂ ಇಂದಿಗೂ ಅವರ ಫೋಟೋಗೆ ಕೈ ಮುಗಿಯುತ್ತೇನೆ. ಆದರೆ ಮೆಟ್ರಿಕ್ ಮುಗಿದ ಮರುವಾರವೇ ನನ್ನನ್ನು ಗಲ್ಲಾದಲ್ಲಿ ಕೂರಿಸಿದರು. ಹೊರಗಿನವನನ್ನು ತಂದಿದ್ದರೆ ಸಂಬಳ ಎರಡು ಪಟ್ಟು, ನಂಬಿಕೆ ಅರ್ಧ. ಅವರು ಉಪಕಾರ ಮಾಡಿದರೇ? ಮಾಡಿದರು. ಲೆಕ್ಕ ಹಾಕಿದರೇ? ಹಾಕದೆ ಬಿಡುವವರಲ್ಲ.

ಇದರಲ್ಲಿ ನಾಚಿಕೊಳ್ಳುವಂಥದ್ದೇನಿದೆ? ಮಾಂಸದವನಾಗಲಿ ಬೇಕರಿಯವನಾಗಲಿ ನಮ್ಮ ಮೇಲಿನ ಕರುಣೆಯಿಂದ ಊಟ ಒದಗಿಸುವುದಿಲ್ಲ ಎಂದು ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ 1776ರಲ್ಲೇ ಬರೆದ. ಕೆಲಸಗಾರ ಜೇನುನೊಣ ತಾನು ಹೆರದೆ ತಂಗಿಯರನ್ನು ಏಕೆ ಸಾಕುತ್ತದೆ ಎಂಬುದಕ್ಕೆ 1964ರಲ್ಲಿ ಜೀವವಿಜ್ಞಾನಿ ಹ್ಯಾಮಿಲ್ಟನ್ ಉತ್ತರ ಕೊಟ್ಟ: ಜೇನಿನಲ್ಲಿ ಒಂದೇ ತಂದೆತಾಯಿಯ ಸೋದರಿಯರಲ್ಲಿ ಸರಾಸರಿ ಮುಕ್ಕಾಲು ಪಾಲು ವಂಶವಾಹಿ ಸಮಾನ, ಹೆತ್ತ ಮಗಳಲ್ಲಾದರೆ ಅರ್ಧ. ನೊಣಕ್ಕೂ ಲೆಕ್ಕ ಬರುತ್ತದೆ! ನಮ್ಮ ಹೋಟೆಲ್ ಹುಡುಗರ ಭಿಶಿಯಲ್ಲಿ, ಅಂದರೆ ಎಲ್ಲರೂ ದುಡ್ಡು ಹಾಕಿ ಸರದಿಯಂತೆ ಒಬ್ಬರು ಎತ್ತುವ ಚೀಟಿಯಲ್ಲಿ, ಈ ತಿಂಗಳು ನಿನಗೆ, ಮುಂದಿನ ತಿಂಗಳು ನನಗೆ. ಇನ್ನು ಸಂಘವೊಂದರಲ್ಲಿ ದಾನಿಗಳ ಹೆಸರಿನ ಕ್ರಮ ತಪ್ಪಿತೆಂದು ಅಮೃತಶಿಲೆಯ ಫಲಕ ತೆಗೆಸಿ ಹೊಸದಾಗಿ ಕೆತ್ತಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಖರ್ಚು ಸಂಘದ್ದು.

ಹೆಸರು ಹೇಳದೆ ಕೊಡುವವರಿಲ್ಲವೇ ಎಂದು ಕೆಲವರು ಹುಂಡಿ ತೋರಿಸುತ್ತಾರೆ. ಅಲ್ಲಿ ಹಾಕುವವನು ಹರಕೆ ಹೊತ್ತವನು, ಸ್ವಾಮಿ. ‘ಕೊಟ್ಟದ್ದು ತನಗೆ, ಬಚ್ಚಿಟ್ಟದ್ದು ಪರರಿಗೆ’ ಎಂದ ಹಿರಿಯರು ಆ ‘ತನಗೆ’ ಎಂಬುದನ್ನು ಸುಮ್ಮನೆ ಸೇರಿಸಿದರೇ?

ವಿರೋಧ: ಒಂದು ಸೀರೆ

ಈ ಪಕ್ಷ ನನಗೆ ಬಂದದ್ದು ಬೇರಾರೂ ಒಪ್ಪದ ಕಾರಣ. ಪೂರ್ತಿ ನಂಬಿ ಬರೆಯುತ್ತಿದ್ದೇನೆ ಎನ್ನಲಾರೆ. ಲೋಕಲ್‌ನಲ್ಲಿ ಕಿಟಕಿಯ ಸೀಟಿಗಾಗಿ ನಾನೂ ಮೊಣಕೈ ಬಳಸಿದವಳೇ. ಎದುರು ಪಕ್ಷದವರು ಆಡಂ ಸ್ಮಿತ್‌ನನ್ನು ಎಳೆದು ತಂದೇ ತರುತ್ತಾರೆ. ಮನುಷ್ಯ ಎಷ್ಟೇ ಸ್ವಾರ್ಥಿಯಾದರೂ ಪರರ ಸುಖ ಅವನಿಗೂ ಬೇಕೆನಿಸುತ್ತದೆ ಎಂದು ಅದೇ ಸ್ಮಿತ್ 1759ರ ಪುಸ್ತಕವನ್ನು ಶುರುಮಾಡಿದ್ದ. ಇರುವೆ, ಜೇನುನೊಣಗಳ ಲೆಕ್ಕ ಹೇಳುವವರಿಗೆ ನನ್ನಲ್ಲಿ ಉತ್ತರವಿಲ್ಲ. ನಾನು ಚಾಳಿನಲ್ಲಿ ಬೆಳೆದವಳು, ಗೂಡಿನಲ್ಲಲ್ಲ.

2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ನನ್ನ ಕಚೇರಿ ಅಲ್ಲೇ, ಮನೆ ಘಾಟ್ಕೋಪರಿನಲ್ಲಿ. ರೈಲು ನಿಂತಿದ್ದರಿಂದ ಕಲಿನಾ ಮೂಲಕ ನಡೆದೆ. ಕುರ್ಲಾದ ಹತ್ತಿರ ಮಿಠಿ ನದಿ ಯಾವುದು, ರಸ್ತೆ ಯಾವುದು ತಿಳಿಯುತ್ತಿರಲಿಲ್ಲ. ಕತ್ತಲಲ್ಲಿ ಹುಡುಗರು ಹಗ್ಗ ಹಿಡಿದು ಎದೆಮಟ್ಟದ ನೀರಿನಲ್ಲಿ ನಿಂತಿದ್ದರು. ಆ ಹಗ್ಗ ಹಿಡಿದು ಹೋದವಳನ್ನು ಒಬ್ಬ ಹೆಂಗಸು ತನ್ನ ಅಟ್ಟಕ್ಕೆ ಹತ್ತಿಸಿಕೊಂಡಳು. ಕೆಳಗಿನ ಕೋಣೆಯಲ್ಲಿ ಅವಳ ಪಾತ್ರೆಗಳು ತೇಲುತ್ತಿದ್ದವು. ಅಟ್ಟದ ಮೇಲೆ ಆಗಲೇ ಹತ್ತು ಜನ. ಹಾಲಿಲ್ಲದ ಚಹಾ ಕೊಟ್ಟಳು. ಅವಳ ಬಳಿ ಒಣಗಿದ ಸೀರೆ ಎರಡೇ ಉಳಿದಿದ್ದವು. ಒಂದನ್ನು ನನಗೆ ಉಡಿಸಿದಳು. ಹೆಸರು ಕೇಳಲಿಲ್ಲ. ನಾನೂ ಕೇಳಲಿಲ್ಲ.

ಸೀರೆ ತಂದುಕೊಡುತ್ತೇನೆ ಎಂದು ಬೆಳಿಗ್ಗೆ ಹೊರಟೆ. ಮೊದಲ ವಾರ ದಾರಿ ಸರಿಯಿರಲಿಲ್ಲ. ನಂತರ ಮಗಳ ಪರೀಕ್ಷೆ. ಆಮೇಲೆ, ಆ ಗಲ್ಲಿಯ ಗುರುತು ಸಿಗಲಿಕ್ಕಿಲ್ಲ ಎಂದುಕೊಂಡೆ; ಹುಡುಕಿದ್ದರೆ ಸಿಗುತ್ತಿತ್ತು. ಹಸಿರಂಚಿನ ಆ ವಾಯಿಲ್ ಸೀರೆ ನನ್ನ ಕಪಾಟಿನಲ್ಲೇ ಇದೆ.