ಹಿತ್ತಿಲ ಬಾಗಿಲ ಚಿಲಕ

ಆಷಾಢದ ಮಳೆಯಲ್ಲಿ ನಾಲ್ಕು ದಿನ ಊರಿಗೆ ಹೋಗಿದ್ದೆ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ಬಸ್ಸಲ್ಲಿ ಇಳಿದು ಒಂದೂವರೆ ಕಿಲೋಮೀಟರ್ ನಡೆದರೆ ನಮ್ಮದು ಒಂಟಿಮನೆ. ನೆಟ್‌ವರ್ಕ್ ಸಿಗೋದು ದಣಪೆ (ಬೇಲಿಯ ಗೇಟು) ಹತ್ತಿರ ಮಾತ್ರ, ಅದೂ ಅದಕ್ಕೆ ಮನಸ್ಸಾದರೆ. ಅದಕ್ಕೇ ಶಿವಮೊಗ್ಗದಲ್ಲೇ ‘ಹಾಸ್ಟೇಜಸ್’ ಅನ್ನೋ ಹಿಂದಿ ಸರಣಿಯ ಮೊದಲ ಸೀಸನ್ನಿನ ಹತ್ತೂ ಕಂತು ಟ್ಯಾಬಿಗೆ ಇಳಿಸಿಕೊಂಡು ಹೋಗಿದ್ದೆ. 2019ರದ್ದು. ಎಲ್ಲರೂ ನೋಡಿ ಮರೆತಾದ ಮೇಲೆ ನೋಡೋದು ನನ್ನ ಅಭ್ಯಾಸ.

ಕಥೆ ಗೊತ್ತಿಲ್ಲದವರಿಗೆ: ಮೀರಾ ಅನ್ನೋ ಸರ್ಜನ್ (ಟಿಸ್ಕಾ ಚೋಪ್ರಾ) ಮಾರನೇ ದಿನ ಮುಖ್ಯಮಂತ್ರಿಗೆ ಆಪರೇಷನ್ ಮಾಡಬೇಕು. ಹಿಂದಿನ ರಾತ್ರಿ ಮುಸುಕು ಹಾಕಿಕೊಂಡವರು ಮನೆಗೆ ನುಗ್ಗಿ ಗಂಡ, ಮಕ್ಕಳನ್ನು ಒತ್ತೆ ಇಟ್ಟುಕೊಳ್ತಾರೆ. ಮುಖ್ಯಮಂತ್ರಿ ಟೇಬಲ್ ಮೇಲೇ ಸಾಯಬೇಕು, ಇಲ್ಲ ಅಂದರೆ ಇವರು ಉಳಿಯಲ್ಲ. ನುಗ್ಗಿದವರ ನಾಯಕ ಸ್ವತಃ ಪೊಲೀಸ್ ಅಧಿಕಾರಿ, ರೋನಿತ್ ರಾಯ್. ಮೂಲ ಇಸ್ರೇಲಿನದ್ದು, 2013. ಅದೇ ವರ್ಷ ಅಮೆರಿಕದವರೂ ಮಾಡಿದರು. ಅಲ್ಲಿ ಪ್ರಧಾನಿ, ಇವರಲ್ಲಿ ಅಧ್ಯಕ್ಷ, ನಮ್ಮಲ್ಲಿಗೆ ಬರುವಾಗ ಮುಖ್ಯಮಂತ್ರಿ. ಸಾರು ಒಂದೇ, ಪುಡಿ ಮೂರು ಊರಿನದ್ದು.

ಮಧ್ಯಾಹ್ನದಿಂದ ಕರೆಂಟ್ ಇರಲಿಲ್ಲ. ಅಮ್ಮನ ಧಾರಾವಾಹಿಗೂ ರಜೆ. ಹಾಗಾಗಿ ಅಮ್ಮ, ಅಪ್ಪಯ್ಯ ಇಬ್ಬರೂ ನನ್ನ ಟ್ಯಾಬಿನ ಮುಂದೆ ಬಂದು ಕೂತರು. ಅಮ್ಮನಿಗೆ ಹಿಂದಿ ಅಷ್ಟಕ್ಕಷ್ಟೆ, ನಾನೇ ನಡುನಡುವೆ ಹೇಳಬೇಕು. ಬಂದೂಕು ಹಿಡಿದವರು ಸೋಫಾದಲ್ಲಿ ಕೂತಿದ್ದಾರೆ, ಮನೆಯವರು ಮುದುಡಿಕೊಂಡಿದ್ದಾರೆ. ಅಮ್ಮ ಕೇಳಿದ ಮೊದಲ ಪ್ರಶ್ನೆ: “ಅಲ್ಲ ಮಾರಾಯ, ಅಷ್ಟು ಜನ ರಾತ್ರಿ ಊಟಕ್ಕೆ ಎಂತ ಮಾಡ್ತಾರೆ?”

ನಗಬೇಡಿ. ಈ ಥರದ ಕಥೆಯ ಜೀವ ಇರೋದು ಆ ಪ್ರಶ್ನೆಯಲ್ಲೇ ಅಂತ ನನಗೆ ಈಗ ಅನ್ನಿಸುತ್ತಿದೆ.

ಯಾಕೆ ಅಂದರೆ ಬಂದೂಕು ಕಂಡು ಆಗುವ ಹೆದರಿಕೆ ಎರಡನೇ ಕಂತಿಗೇ ಸವೆದುಹೋಗುತ್ತದೆ. ಉಸಿರು ಬಿಗಿಹಿಡಿಯೋ ಹಾಗೆ ಮಾಡೋದು ಒತ್ತೆಯಲ್ಲಿರುವವರು ಹೊರಗಿನವರ ಎದುರು ಏನೂ ಆಗಿಲ್ಲದ ಹಾಗೆ ಇರಬೇಕಾದ ಹೊತ್ತು. ಆಸ್ಪತ್ರೆಗೆ ಹೋಗಬೇಕು, ನಗಬೇಕು, ಫೋನಿಗೆ “ಹ್ಞೂಂ, ಎಲ್ಲ ಆರಾಮು” ಅನ್ನಬೇಕು. ಥ್ರಿಲ್ಲರ್ ಸಿನಿಮಾಗಳ ನಿರ್ದೇಶಕ ಹಿಚ್‌ಕಾಕ್ 1962ರಲ್ಲಿ ಫ್ರೆಂಚ್ ನಿರ್ದೇಶಕ ಟ್ರುಫೋ ಜೊತೆ ಮಾತಾಡುವಾಗ ಮೇಜಿನ ಕೆಳಗಿನ ಬಾಂಬಿನ ಲೆಕ್ಕ ಹೇಳಿದ್ದು ಹಲವರಿಗೆ ಗೊತ್ತಿರುತ್ತದೆ. ಬಾಂಬ್ ಇರೋದು ಗೊತ್ತಿಲ್ಲದೆ ಸಿಡಿದರೆ ನೋಡುವವನಿಗೆ ಹದಿನೈದು ಸೆಕೆಂಡಿನ ಬೆಚ್ಚು. ಇದೆ ಅಂತ ಅವನಿಗೆ ಮೊದಲೇ ತಿಳಿಸಿಬಿಟ್ಟರೆ, ಮೇಜಿನ ಮೇಲೆ ನಡೆಯುವ ಉಪಯೋಗವಿಲ್ಲದ ಹರಟೆಯೂ ಹದಿನೈದು ನಿಮಿಷ ಕುತ್ತಿಗೆ ಹಿಸುಕುತ್ತದೆ.

ನಮ್ಮ ಧಾರಾವಾಹಿಯವರೂ ಇದನ್ನೇ ಮಾಡ್ತಾರಲ್ಲ ಅಂತ ಅಪ್ಪಯ್ಯ ವಾದ ಹೂಡಿದರು. ಪಾಯಸಕ್ಕೆ ಅತ್ತೆ ವಿಷ ಹಾಕಿದ್ದು ನಮಗೆ ಗೊತ್ತು, ಸೊಸೆಗೆ ಗೊತ್ತಿಲ್ಲ. ನಿಜ, ಲೆಕ್ಕ ಸರಿಯೇ ಇದೆ. ಆದರೆ ಹಿಚ್‌ಕಾಕ್‌ನ ಆ ಕೋಣೆಯಲ್ಲಿ ಒಂದು ಗಡಿಯಾರವೂ ಇತ್ತು. ನಮ್ಮವರು ಗಡಿಯಾರ ಕಿತ್ತಿಟ್ಟಿದ್ದಾರೆ. ಸೋಮವಾರ ಎತ್ತಿದ ಪಾಯಸದ ಲೋಟ ಶುಕ್ರವಾರವೂ ಬಾಯಿ ಮುಟ್ಟಲ್ಲ. ಒಬ್ಬೊಬ್ಬರ ಮುಖಕ್ಕೂ ಕ್ಯಾಮೆರಾ ಮೂರು ಸಲ ಧಡಾರ್ ಅಂತ ಬಡಿಯುತ್ತದೆ. ಅಷ್ಟರಲ್ಲಿ ವಿಷವೇ ಹಳಸಿರಬೇಕು. ಹಾಸ್ಟೇಜಸ್ ಕೂಡ ಇದರಿಂದ ಪೂರ್ತಿ ತಪ್ಪಿಸಿಕೊಂಡಿಲ್ಲ. ಆಪರೇಷನ್ ಮುಂದಕ್ಕೆ ಹೋದ ಮೇಲೆ ಕಥೆ ಸಡಿಲವಾಗಿ, ಮನೆಯ ಒಬ್ಬೊಬ್ಬರ ಗುಟ್ಟು ಬಿಚ್ಚುತ್ತಾ ಕೂರುತ್ತದೆ. ಅಮೆರಿಕದವರು ಇದನ್ನೇ ಹದಿನೈದು ಕಂತಿಗೆ ಹಿಗ್ಗಿಸಿದರು, ಎರಡನೇ ಸೀಸನ್ ಬರಲೇ ಇಲ್ಲ.

ಇನ್ನೊಂದು ತಕರಾರಿದೆ. ಮಲೆನಾಡು ಅಂದರೆ ಸಿನಿಮಾದವರಿಗೂ ವೆಬ್ ಸೀರೀಸಿನವರಿಗೂ ಮಂಜು, ರಾತ್ರಿ, ದೆವ್ವ. ಹಿಂದೆ ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ತೆಗೆಯೋಕೆ ಆಗುಂಬೆಗೆ ಬಂದಾಗ ಹಗಲು ಹೊತ್ತಿನ ಬೀದಿ, ಜಗುಲಿ ತೋರಿಸಿದ್ದರು. ಆ ಹಗಲು ಈಗಿನವರಿಗೆ ಯಾಕೆ ಬೇಡವೋ. ಒಂಟಿಮನೆ ಅಂದಕೂಡಲೇ ಕೇಳೋರಿಲ್ಲದ ಜಾಗ ಅಂದುಕೊಳ್ತಾರೆ. ನಮ್ಮ ಮನೆಯಲ್ಲಿ ನಾಲ್ಕು ಜನರನ್ನು ಒತ್ತೆ ಇಟ್ಟು ನೋಡಲಿ! ಏಳು ಗಂಟೆಗೆ ಹಾಲು ಡೈರಿಗೆ ಹೋಗಲಿಲ್ಲ ಅಂದರೆ ಅಲ್ಲಿಂದ ವಿಚಾರಣೆ. ಎಂಟಕ್ಕೆ ಕೆಲಸದ ಗಿರಿಜಕ್ಕ. ಹತ್ತರ ಹೊತ್ತಿಗೆ ಅಡಕೆಯ ಕೊಳೆ ರೋಗಕ್ಕೆ ಬೋರ್ಡೋ ಔಷಧಿ ಹೊಡೆಯೋರು, ಮಳೆ ಹೊಳವಾಗಿದ್ದರೆ. ಮಧ್ಯೆ ಆಚೆಮನೆಯ ಹುಡುಗ ಲೋಟ ಹಿಡಿದು “ಅಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಿದ್ರು” ಅಂತ ಸೀದಾ ಅಡುಗೆಮನೆಗೇ ಬರ್ತಾನೆ. ಅಂಗಳದಲ್ಲಿ ಗುರುತಿಲ್ಲದ ನಾಲ್ಕು ಜೊತೆ ಚಪ್ಪಲಿ ಕಂಡರೆ ಸಾಕು, “ಯಾರೋ ನೆಂಟರು ಬಂದಿದಾರಂತೆ, ಹೆಣ್ಣು ನೋಡೋಕಾ?” ಅನ್ನೋ ಸುದ್ದಿ ಸಂಜೆಯೊಳಗೆ ಕೊಪ್ಪ ಮುಟ್ಟಿರುತ್ತದೆ.

ಆ ಹೆಪ್ಪಿನ ಹುಡುಗ ಇದ್ದಾನಲ್ಲ, ಅವನೇ ನೋಡಿ ಮೇಜಿನ ಕೆಳಗಿನ ಬಾಂಬು. ಅಡುಗೆಮನೆ ಬಾಗಿಲ ಹಿಂದೆ ಒಬ್ಬ ಚಾಕು ಹಿಡಿದು ನಿಂತಿದ್ದಾನೆ. ಅಮ್ಮ ಕೈ ನಡುಗಿಸದೆ ಮಜ್ಜಿಗೆ ಬಗ್ಗಿಸಬೇಕು. ಹುಡುಗನೋ, ಹೋಗೋ ಅಂದರೆ ಹೋಗದೆ ಕೋಡುಬಳೆ ಡಬ್ಬ ನೋಡ್ತಾ ನಿಂತಿದ್ದಾನೆ. ಇದಕ್ಕೆ ಮಂಜು ಬೇಕಾ?

ಇರಲಿ. ನಾಲ್ಕನೇ ಕಂತು ಮುಗಿಯೋಕೆ ಇನ್ನೆರಡು ನಿಮಿಷ ಇದೆ ಅನ್ನುವಾಗ ಟ್ಯಾಬಿನ ಚಾರ್ಜ್ ಮುಗಿದು ಕಪ್ಪಾಯಿತು. ಮಳೆಯ ಸದ್ದು ಮಾತ್ರ. ಅಷ್ಟರಲ್ಲಿ ಕೊಟ್ಟಿಗೆ ಕಡೆ ನಾಯಿ ಒಂದೇ ಸಮ ಬೊಗಳೋಕೆ ಶುರು ಮಾಡಿತು. ಬೇರೆ ದಿನವಾದರೆ ಅಪ್ಪಯ್ಯ “ಕಾಡುಹಂದಿ” ಅಂತ ಮಗ್ಗುಲು ಬದಲಿಸೋರು. ಅವತ್ತು ಮೂವರೂ ಮಾತಾಡಲಿಲ್ಲ. ಅಮ್ಮ ಬ್ಯಾಟರಿ ಹಿಡಿದು ಎದ್ದು ಹೋಗಿ ಹಿತ್ತಿಲ ಬಾಗಿಲು ಹಾಕಿದರು. ಚಿಲಕ ಜಗ್ಗಿದರೆ ಅಲ್ಲಾಡಲಿಲ್ಲ. ಯಾವ ಕಾಲದಿಂದ ಹಾಕಿಲ್ಲವೋ, ತುಕ್ಕು ಹಿಡಿದು ಮರಕ್ಕೇ ಅಂಟಿಕೊಂಡಿತ್ತು. ಕೊಬ್ಬರಿ ಎಣ್ಣೆ ಬಿಟ್ಟು, ಅಡಕೆ ಸುಲಿಯೋ ಮೆಟ್ಟುಗತ್ತಿಯ ಹಿಂಬದಿಯಿಂದ ಕುಟ್ಟಿ ಕುಟ್ಟಿ, ಅಪ್ಪಯ್ಯ ಅಂತೂ ಅದನ್ನು ಕೂರಿಸಿದರು.

ಬೆಳಿಗ್ಗೆ ಎಂಟಕ್ಕೆ ಗಿರಿಜಕ್ಕ ಎಂದಿನಂತೆ ಬಾಗಿಲು ನೂಕಿದರೆ ತೆರೆಯಲಿಲ್ಲ. ಹೊರಗೆ ಕಂಬಳಿಕೊಪ್ಪೆಯಲ್ಲಿ ನಿಂತು ಗಾಬರಿಯಿಂದ ಕೂಗಿದಳು, “ಅಮ್ಮಾ, ಬಾಗ್ಲು ಯಾಕೆ ಹಾಕೀರಿ? ಅಯ್ಯೋರಿಗೆ ಏನಾರ ಆತಾ?”

ಮಧ್ಯಾಹ್ನದೊಳಗೆ ಮೂರು ಮನೆಯವರು ಅಪ್ಪಯ್ಯನ ಆರೋಗ್ಯ ವಿಚಾರಿಸಿಕೊಂಡು ಹೋದರು.