ಫ್ರಿಜ್ಜಿನ ಹಿಂದಿನ ಸಾಲು

ಮೂರು ತಿಂಗಳ ಹಿಂದೆ ಒಂದು ದಿನ ನಮ್ಮ ಮನೆಯ ಫ್ರಿಜ್ ಕೆಟ್ಟು ನಿಂತಿತು. ರಿಪೇರಿಯವರು ನಾಳೆ ಬರುತ್ತೇವೆ ಅಂದರು. ಇನ್ನೇನು ಮಾಡೋದು, ಒಳಗಿದ್ದದ್ದನ್ನೆಲ್ಲ ತೆಗೆದು ಅಡುಗೆಮನೆಯ ಕಟ್ಟೆಯ ಮೇಲೆ ಇಡುತ್ತಾ ಹೋದೆವು. ಕಟ್ಟೆ ಸಾಲಲಿಲ್ಲ. ಊಟದ ಮೇಜಿಗೂ ಬಂತು. ಅದೂ ತುಂಬಿತು.

ಒಂದೇ ಥರದ ಸಾಸ್ ಬಾಟಲಿ ಮೂರು, ಮೂರೂ ಅರ್ಧರ್ಧ ಖಾಲಿ. ಕವರಿನೊಳಗೇ ನೀರಾಗಿ ಹೋಗಿದ್ದ ಸೊಪ್ಪು. ಬಳ್ಳಿಯ ಹಾಗೆ ಬಾಗುವ ಕ್ಯಾರೆಟ್. ಹಿಂದಿನ ಸಾಲಿನಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ ಸಿಕ್ಕಿತು. ಅದರ ಮುಚ್ಚಳ ತೆಗೆಯುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಒಳಗೆ ಏನಿತ್ತು ಅಂತ ಇವತ್ತಿಗೂ ಗೊತ್ತಿಲ್ಲ. ಡಬ್ಬಿ ಸಮೇತ ಹೋಯಿತು.

"ಇಷ್ಟೆಲ್ಲ ತಂದದ್ದು ಯಾರು?" ಅಂತ ಹೆಂಡತಿ ಕೇಳಿದಳು. ಜೋರಾಗೇನೂ ಕೇಳಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನೋ ಹಾಗೆ, ನಾನು ಆ ಕಡೆ ತಿರುಗಿ ಟೊಮೆಟೊ ಎಣಿಸತೊಡಗಿದೆ. ನಮ್ಮ ಮನೆಗೆ ಸಾಮಾನು ತರುವವನು ನಾನೇ.

ಅಲ್ಲಿಯವರೆಗೂ ಊಟ ವೇಸ್ಟ್ ಆಗೋದು ಅಂದರೆ ನನ್ನ ತಲೆಯಲ್ಲಿ ಇದ್ದದ್ದು ಎರಡೇ ಚಿತ್ರ. ಒಂದು, ಮಗಳು ತಟ್ಟೆಯಲ್ಲಿ ಬಿಟ್ಟೇಳುವ ಎರಡು ತುತ್ತು. ಅದಕ್ಕೆ ನಾನು ಕೊಡುವ ಭಾಷಣ ಅವಳಿಗೆ ಬಾಯಿಪಾಠ ಆಗಿದೆ. ಇನ್ನೊಂದು, ದೊಡ್ಡ ಹೋಟೆಲುಗಳ ಹಿಂಬಾಗಿಲಿನ ಡ್ರಮ್ಮುಗಳು. ಎರಡರಲ್ಲೂ ನಾನಿಲ್ಲ. ಎಷ್ಟು ಅನುಕೂಲ ಅಲ್ವಾ?

ಫ್ರಿಜ್ ರಿಪೇರಿ ಆದ ಮೇಲೆ ಹೆಂಡತಿ ಅದರ ಬಾಗಿಲಿಗೆ ಒಂದು ಚಿಕ್ಕ ನೋಟ್‌ಬುಕ್ ನೇತುಹಾಕಿದಳು. ಒಂದು ತಿಂಗಳು ಏನೇ ಎಸೆದರೂ ಅದರಲ್ಲಿ ಬರೆಯಬೇಕು. ಏನು, ಯಾಕೆ, ಅಷ್ಟೇ. ತೂಕ ಗೀಕ ಏನಿಲ್ಲ. ಮೊದಲ ವಾರವೇ ನನಗೆ ಆ ಪುಸ್ತಕದ ಮೇಲೆ ಸಿಟ್ಟು ಬಂತು. ಯಾಕೆಂದರೆ ಎಸೆಯೋದಕ್ಕೆ ಅರ್ಧ ನಿಮಿಷ, ಬರೆಯೋಕೆ ಪೆನ್ನು ಹುಡುಕಬೇಕು. ಆಮೇಲೆ "ಯಾಕೆ" ಅನ್ನುವ ಜಾಗದಲ್ಲಿ ಏನಾದರೂ ಬರೆಯಬೇಕಲ್ಲ. ಅಲ್ಲಿ ಸುಳ್ಳು ಹೇಳೋದು ಕಷ್ಟ.

ತಿಂಗಳ ಕೊನೆಯಲ್ಲಿ ಮೂವರೂ ಕೂತು ಓದಿದೆವು. ಮಗಳ ತಟ್ಟೆಯ ಲೆಕ್ಕ ಅರ್ಧ ಪುಟವೂ ಇರಲಿಲ್ಲ. ಅಡುಗೆ ಜಾಸ್ತಿಯಾಗಿ ಎಸೆದದ್ದು ಇತ್ತು, ಆದರೆ ಅದಕ್ಕೂ ಮೊದಲ ಸ್ಥಾನ ಸಿಗಲಿಲ್ಲ. ಎಲ್ಲಕ್ಕಿಂತ ಜಾಸ್ತಿ ಇದ್ದದ್ದು ಒಲೆಯನ್ನೇ ಕಾಣದ ಸಾಮಾನು. ಹಣ ಕೊಟ್ಟು ತಂದು, ತಣ್ಣಗೆ ಇಟ್ಟು, ಕೊಳೆಯಿಸಿ, ಎಸೆದದ್ದು. ಮಗಳು ಪುಸ್ತಕ ಮುಚ್ಚಿ, "ಅಪ್ಪಾ, ಇನ್ನು ಭಾಷಣ ಯಾರು ಯಾರಿಗೆ ಕೊಡಬೇಕು?" ಅಂದಳು.

ಇದು ನಮ್ಮ ಮನೆಯ ಕಥೆ ಮಾತ್ರ ಆಗಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಒಂದು ವರದಿ ಹೊರತಂದಿದೆ. ಅದರ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಅಂಗಡಿ, ಹೋಟೆಲ್, ಮನೆ ಎಲ್ಲ ಸೇರಿ ಸುಮಾರು 105 ಕೋಟಿ ಟನ್ ಆಹಾರ ಕಸಕ್ಕೆ ಹೋಗಿದೆ. ಅದರಲ್ಲಿ ಹೋಟೆಲ್, ಕ್ಯಾಂಟೀನುಗಳ ಪಾಲು ಶೇ. 28. ಅಂಗಡಿಗಳದ್ದು ಶೇ. 12. ಉಳಿದ ಶೇ. 60 ನಮ್ಮ ನಿಮ್ಮಂಥ ಮನೆಗಳದ್ದು. ಮನೆಯೊಳಗೇ ತಲೆಗೆ ವರ್ಷಕ್ಕೆ 79 ಕಿಲೊ. ಸಿಪ್ಪೆ, ಮೂಳೆ ಎಲ್ಲ ಇದರಲ್ಲಿ ಸೇರಿದೆ, ನಿಜ. ಆದರೂ ತಿನ್ನಬಹುದಾಗಿದ್ದ ಭಾಗವನ್ನಷ್ಟೇ ಲೆಕ್ಕ ಹಿಡಿದರೂ ಮನೆಗಳಿಂದ ದಿನಕ್ಕೆ ಕಡಿಮೆ ಅಂದರೂ 100 ಕೋಟಿ ಊಟ ಎಸೆದ ಹಾಗಾಗುತ್ತದೆ ಅನ್ನುತ್ತದೆ ಅದೇ ವರದಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ದೊಡ್ಡ ಸಂಖ್ಯೆಗಳಲ್ಲ. ಅದರಲ್ಲೇ ಇರುವ ಒಂದು ಸಣ್ಣ ಸಂಖ್ಯೆ. ಶ್ರೀಮಂತ ದೇಶಗಳ ಮನೆಗಳಿಗೂ ಮಧ್ಯಮ ಆದಾಯದ ದೇಶಗಳ ಮನೆಗಳಿಗೂ ಸರಾಸರಿಯಲ್ಲಿ ಇರುವ ವ್ಯತ್ಯಾಸ ತಲೆಗೆ ವರ್ಷಕ್ಕೆ ಬರೀ 7 ಕಿಲೊ. "ಅದೆಲ್ಲ ಉಳ್ಳವರ ರೋಗ" ಅಂತ ಕೈ ತೊಳೆದುಕೊಳ್ಳೋಕೂ ಆಗಲ್ಲ.

ಸರಿ, ತಪ್ಪು ಎಲ್ಲಿ ಶುರುವಾಗುತ್ತದೆ? ನನ್ನ ಮಟ್ಟಿಗೆ ಹೇಳುವುದಾದರೆ, ಚೀಲ ಹಿಡಿದು ಹೊರಡುವಾಗ. ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ನಾನು ಬೇರೆ ಮನುಷ್ಯನಾಗುತ್ತೇನೆ. ಆ ಮನುಷ್ಯ ದಿನಾ ಬೆಳಿಗ್ಗೆ ಹಣ್ಣು ತಿನ್ನುತ್ತಾನೆ. ಸಂಜೆ ಕೆಲಸ ಮುಗಿಸಿ ಬಂದು ಸೊಪ್ಪು ಬಿಡಿಸುತ್ತಾನೆ. ವಾರಕ್ಕೆ ಎರಡು ಹೊಸ ಅಡುಗೆ ಕಲಿಯುತ್ತಾನೆ. ಅವನಿಗಾಗಿ ನಾನು ಕೈತುಂಬಾ ಕೊಳ್ಳುತ್ತೇನೆ. ಆದರೆ ಬುಧವಾರ ಸಂಜೆ ಮನೆಗೆ ಬರುವವನು ಅವನಲ್ಲ, ನಾನು. ಸುಸ್ತಾಗಿರುವ, ಏನಾದರೂ ಬೇಗ ಆಗುವಂಥದ್ದು ಸಾಕು ಅನ್ನುವ ನಾನು. ನಾವು ಎಸೆಯುವ ತರಕಾರಿಯಲ್ಲಿ ಅರ್ಧ ಇಂಥ ಒಳ್ಳೇ ಉದ್ದೇಶಗಳೇ ಅಂತ ನನಗೀಗ ಅನಿಸುತ್ತದೆ.

ಎರಡು ಕೊಂಡರೆ ಒಂದು ಫ್ರೀ ಅನ್ನೋ ಬೋರ್ಡಿನ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಆ ಮೂರನೆಯದು ಫ್ರೀಯಾಗಿ ಬಂದು ಫ್ರೀಯಾಗಿಯೇ ಕೊಳೆಯುತ್ತದೆ. ಹಸಿದ ಹೊಟ್ಟೆಯಲ್ಲಿ ಸಾಮಾನು ತರಲು ಹೋಗೋದೂ ಅಷ್ಟೇ. ಹೊಟ್ಟೆ ಗೇಣುದ್ದ, ಕಣ್ಣು ಮಾರುದ್ದ.

ಈಗ ಫ್ರಿಜ್ಜಿನ ವಿಷಯ. ನಿಜವಾಗಿ ಹೇಳಬೇಕು ಅಂತ ಕೂತದ್ದು ಇದನ್ನೇ.

ಮಿಕ್ಕ ಅಡುಗೆಯನ್ನು ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿ ಇಡುವಾಗ ಒಂದು ಸಮಾಧಾನ ಆಗುತ್ತದೆ, ಗಮನಿಸಿದ್ದೀರಾ? ಉಳಿಸಿದೆ ಅನ್ನುವ ಸಮಾಧಾನ. ಮರುದಿನ ಹೊಸ ಅಡುಗೆ ಆಗುತ್ತದೆ. ಡಬ್ಬಿ ಸ್ವಲ್ಪ ಹಿಂದಕ್ಕೆ ಹೋಗುತ್ತದೆ. ಅದರ ಮುಂದೆ ಹಾಲು ಬರುತ್ತದೆ. ನಾಲ್ಕನೇ ದಿನ ಯಾರೋ ಮುಚ್ಚಳ ತೆಗೆದು, ಮೂಗು ಮುರಿದು, ಮತ್ತೆ ಮುಚ್ಚಿ ಅಲ್ಲೇ ಇಡುತ್ತಾರೆ. ಎಸೆಯೋದಿಲ್ಲ. ಯಾಕೆ ಅಂತ ನಾನು ತುಂಬಾ ಯೋಚಿಸಿದೆ. ಚೆನ್ನಾಗಿರುವ ಊಟ ಎಸೆಯೋಕೆ ಮನಸ್ಸು ಬರಲ್ಲ. ಕೆಟ್ಟ ಊಟ ಎಸೆದರೆ ಏನೂ ಅನ್ನಿಸಲ್ಲ. ಆದ್ದರಿಂದ ಅದು ಪೂರ್ತಿ ಕೆಡುವವರೆಗೆ ಕಾಯುತ್ತೇವೆ. ನಾವು ಫ್ರಿಜ್ ಅನ್ನುವುದು ಎಷ್ಟೋ ಸಲ ಕಸದ ಬುಟ್ಟಿಗೆ ಹೋಗುವ ದಾರಿಯಲ್ಲಿರುವ ತಂಗುದಾಣ. ಕರೆಂಟ್ ಬಿಲ್ ಕಟ್ಟಿ ನಡೆಸುವ ತಂಗುದಾಣ.

ಇದು ಅರ್ಥವಾದ ಮೇಲೆ ನಾವು ಮಾಡಿದ್ದು ಇಷ್ಟೇ. ಫ್ರಿಜ್ಜಿನಲ್ಲಿ ಕಣ್ಣಿನ ಎತ್ತರಕ್ಕಿರುವ ಶೆಲ್ಫನ್ನು ಖಾಲಿ ಮಾಡಿ, "ಮೊದಲು ಇದು" ಅಂತ ಇಟ್ಟುಕೊಂಡೆವು. ಬೇಗ ಮುಗಿಸಬೇಕಾದ್ದೆಲ್ಲ ಅಲ್ಲಿ. ಹೊಸದಾಗಿ ತಂದದ್ದು ಹಿಂದೆ, ಹಳೆಯದು ಮುಂದೆ. ಅಪಾರದರ್ಶಕ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ, ಒಳಗಿರುವುದು ಕಾಣುವ ಡಬ್ಬಿಗಳನ್ನು ಇಟ್ಟೆವು. ಕಾಣದ್ದು ನೆನಪಾಗಲ್ಲ, ನೆನಪಾಗದ್ದು ಕೊಳೆಯುತ್ತದೆ. ಸಾಮಾನು ತರಲು ಹೊರಡುವ ಮುಂಚೆ ನಾನು ಫ್ರಿಜ್ಜಿನ ಬಾಗಿಲು ತೆರೆದು ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡು ಹೋಗುತ್ತೇನೆ. ಪಟ್ಟಿ ಬರೆಯುವ ಶಿಸ್ತು ನನಗಿಲ್ಲ. ಫೋಟೋ ಸುಳ್ಳು ಹೇಳಲ್ಲ. ನಾಲ್ಕನೇ ಸಾಸ್ ಬಾಟಲಿ ಹಾಗೆ ತಪ್ಪಿತು. ವಾರದಲ್ಲಿ ಒಂದು ದಿನ, ಸಾಮಾನು ತರುವುದರ ಹಿಂದಿನ ದಿನ, ಹೊಸದೇನೂ ತರದೆ ಇದ್ದದ್ದರಲ್ಲೇ ಅಡುಗೆ. ಆ ದಿನದ ಊಟಕ್ಕೆ ಹೆಸರಿಲ್ಲ. ಕೆಲವು ಸಲ ರುಚಿಯೂ ಇರಲ್ಲ. ಇರಲಿ.

ಇಡುವ ರೀತಿಯಲ್ಲೂ ನಾನು ಮಾಡುತ್ತಿದ್ದ ತಪ್ಪುಗಳು ಒಂದೆರಡಲ್ಲ. ಹಣ್ಣು ತರಕಾರಿ ಎಲ್ಲವನ್ನೂ ಒಂದೇ ಡ್ರಾಯರಿಗೆ ತುರುಕುತ್ತಿದ್ದೆ. ಸೇಬು, ಬಾಳೆಹಣ್ಣು, ಟೊಮೆಟೊ ಮಾಗುವಾಗ ಎಥಿಲೀನ್ ಅನ್ನುವ ಅನಿಲ ಬಿಡುತ್ತವೆ. ಪಕ್ಕದಲ್ಲಿ ಸೊಪ್ಪು ಇದ್ದರೆ ಬೇಗ ಹಳದಿಯಾಗುತ್ತದೆ, ಸೌತೆಕಾಯಿ ಮೆತ್ತಗಾಗುತ್ತದೆ, ಕ್ಯಾರೆಟ್ ಕಹಿಯಾಗುತ್ತದೆ. ಸೊಪ್ಪನ್ನು ತೊಳೆದು ಒದ್ದೆಯಾಗಿಯೇ ಕವರಿನಲ್ಲಿ ಕಟ್ಟಿ ಇಡೋದು ಅಂದರೆ ಅದನ್ನು ಕೊಳೆಹಾಕಿದ ಹಾಗೆಯೇ. ಒಣಬಟ್ಟೆಯಲ್ಲಿ ಸುತ್ತಿಟ್ಟರೆ ಎಷ್ಟೋ ದಿನ ಚೆನ್ನಾಗಿರುತ್ತದೆ. ಆಲೂಗಡ್ಡೆ, ಈರುಳ್ಳಿ ಎರಡಕ್ಕೂ ಫ್ರಿಜ್ ಬೇಡ. ಗಾಳಿಯಾಡುವ ಕತ್ತಲ ಜಾಗ ಬೇಕು, ಅದೂ ಬೇರೆ ಬೇರೆ. ಬ್ರೆಡ್ ಫ್ರಿಜ್ಜಿನಲ್ಲಿಟ್ಟರೆ ಹೊರಗಿಗಿಂತ ಬೇಗ ಒರಟಾಗುತ್ತದೆ ಅಂತ ಗೊತ್ತಾದಾಗ ನನಗೆ ಆಶ್ಚರ್ಯವಾಯಿತು. ತಂಪಿಗೆ ಅದರೊಳಗಿನ ಪಿಷ್ಟ ಬೇಗ ಗಟ್ಟಿಯಾಗುತ್ತದಂತೆ. ಎರಡು ದಿನದಲ್ಲಿ ಮುಗಿಯದಿದ್ದರೆ ಹೋಳು ಮಾಡಿ ಫ್ರೀಜರಿನಲ್ಲಿಡಬೇಕು, ಬೇಕಾದಾಗ ಬೇಕಾದಷ್ಟೇ ತೆಗೆಯಬೇಕು. ಹಾಲನ್ನು ಬಾಗಿಲಿನಲ್ಲಿ ಇಡೋದು ನಮ್ಮ ಮನೆಯ ಹಳೇ ಅಭ್ಯಾಸ. ತೆರೆದಾಗೆಲ್ಲ ಮೊದಲು ಬಿಸಿಯಾಗೋದು ಆ ಬಾಗಿಲೇ. ಈಗ ಹಾಲು ಒಳಗೆ, ಸಾಸ್ ಬಾಗಿಲಿಗೆ.

ಪ್ಯಾಕೆಟ್ಟಿನ ಮೇಲಿನ ದಿನಾಂಕದ್ದೂ ದೊಡ್ಡ ರಾಮಾಯಣ. "ಬೆಸ್ಟ್ ಬಿಫೋರ್" ಅಂದರೆ ಅಲ್ಲಿಯವರೆಗೆ ರುಚಿ, ಗರಿಗರಿ ಎಲ್ಲ ಚೆನ್ನಾಗಿರುತ್ತದೆ ಅಂತ ಅರ್ಥ. ಅದು ದಾಟಿದ ಮರುದಿನ ಬಿಸ್ಕತ್ತು ವಿಷವಾಗಲ್ಲ. ನೋಡಿ, ಮೂಸಿ, ಸ್ವಲ್ಪ ತಿಂದು ನೋಡಿದರೆ ಗೊತ್ತಾಗುತ್ತದೆ. "ಯೂಸ್ ಬೈ" ಅಂತ ಇದ್ದರೆ ಮಾತು ಬೇರೆ. ಅದು ಸುರಕ್ಷತೆಯ ಗಡುವು. ಮೀನು, ಮಾಂಸದಂಥವುಗಳಲ್ಲಿ ಅದನ್ನು ಮೀರೋದು ಬೇಡ. ಅಲ್ಲಿ ಮೂಗನ್ನೂ ನಂಬಬೇಡಿ. ರೋಗ ತರುವ ಎಷ್ಟೋ ಸೂಕ್ಷ್ಮಾಣುಗಳಿಗೆ ವಾಸನೆಯೇ ಇಲ್ಲ.

ಇಲ್ಲೇ ಇನ್ನೊಂದು ಮಾತು. ಉಳಿಸುವ ಹುಮ್ಮಸ್ಸು ತಲೆಗೇರಿದ್ದ ದಿನಗಳಲ್ಲಿ ನಾನು ಒಂದು ಪೆದ್ದುತನ ಮಾಡಿದೆ. ಮಧ್ಯಾಹ್ನದ ಅನ್ನ ರಾತ್ರಿಯವರೆಗೆ ಹೊರಗೇ ಇತ್ತು. ಎಸೆಯಬಾರದು ಅಂತ ಚೆನ್ನಾಗಿ ಬಿಸಿ ಮಾಡಿ ತಿಂದೆ. ಆ ರಾತ್ರಿಯನ್ನು ವಿವರಿಸೋದು ಬೇಡ. ಆಮೇಲೆ ಓದಿ ತಿಳಿದುಕೊಂಡೆ. ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಅಕ್ಕಿ ಬೇಯುವ ಬಿಸಿಗೂ ಸಾಯಲ್ಲ. ಅನ್ನ ಹೊರಗೆ ಕೂತಷ್ಟು ಹೊತ್ತೂ ಅವು ಬೆಳೆಯುತ್ತವೆ, ಒಂದು ಬಗೆಯ ವಿಷ ಬಿಡುತ್ತವೆ. ಮತ್ತೆ ಬಿಸಿ ಮಾಡಿದರೆ ಆ ವಿಷ ಹೋಗಲ್ಲ. "ಬಿಸಿ ಮಾಡಿದ್ರೆ ಏನೂ ಆಗಲ್ಲ" ಅಂತ ದೊಡ್ಡವರು ಹೇಳಿದರೂ ನಾನಂತೂ ಇನ್ನು ಒಪ್ಪಲ್ಲ. ಮಾಡಿದ ಅಡುಗೆ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ಬೇಗ ತಣ್ಣಗಾಗಲಿ ಅಂತ ಅಗಲವಾದ ಪಾತ್ರೆಗೆ ಹರಡಬೇಕು. ಫ್ರಿಜ್ಜಿನೊಳಗೆ 5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಬೂಸ್ಟು ಬಂದ ಬ್ರೆಡ್ಡಿನ ಆ ತುದಿ ಮಾತ್ರ ಕಿತ್ತು ತಿನ್ನೋದೂ ಬೇಡ. ಕಣ್ಣಿಗೆ ಕಾಣುವ ಹಸಿರಿಗಿಂತ ಅದರ ಎಳೆ ಒಳಗೆ ದೂರ ಹೋಗಿರುತ್ತದೆ.

ಇನ್ನೊಂದು ರೀತಿಯ ಉಳಿತಾಯ ಇದೆ, ಅದರ ಮೇಲೂ ನನಗೆ ತಕರಾರು. ಪಾತ್ರೆಯ ತಳದಲ್ಲಿ ಉಳಿದದ್ದನ್ನು, ಹೊಟ್ಟೆ ತುಂಬಿದ್ದರೂ, "ಸುಮ್ನೆ ಯಾಕೆ ಎಸೆಯೋದು" ಅಂತ ಯಾರಾದರೊಬ್ಬರು ತಿಂದು ಮುಗಿಸುತ್ತಾರೆ. ಬಹಳ ಮನೆಗಳಲ್ಲಿ ಆ ಒಬ್ಬರು ಅಡುಗೆ ಮಾಡಿದವರೇ. ನಮ್ಮ ಮನೆಯಲ್ಲೂ ಅದೇ ನಡೆದಿತ್ತು, ನಾನು ವರ್ಷಗಟ್ಟಲೆ ನೋಡಿಯೂ ನೋಡಿರಲಿಲ್ಲ. ಬುಟ್ಟಿಗೆ ಹೋಗಬೇಕಾದ್ದು ಅವಳ ಹೊಟ್ಟೆಗೆ ಹೋಯಿತು ಅಂದಮಾತ್ರಕ್ಕೆ ಅದು ಉಳಿತಾಯ ಹೇಗಾಗುತ್ತದೆ? ಅಳತೆ ತಪ್ಪಿದ್ದರೆ ನಾಳೆ ಅಳತೆ ಸರಿಮಾಡಬೇಕು. ನಾವು ಈಗ ಅಕ್ಕಿಗೆ ಒಂದೇ ಲೋಟ ಇಟ್ಟುಕೊಂಡಿದ್ದೇವೆ. ಊಟಕ್ಕೆ ಎಷ್ಟು ಜನ ಅಂತ ಕೇಳಿಯೇ ಒಲೆ ಹಚ್ಚೋದು. "ನಾನು ಹೊರಗೆ ತಿಂದು ಬರುತ್ತೇನೆ" ಅಂತ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುವ ಚಾಳಿ ನನ್ನದು. ನೋಟ್‌ಬುಕ್ಕಿನಲ್ಲಿ "ಯಾಕೆ" ಅನ್ನುವ ಕಡೆ ಐದು ಸಲ ಅದು ಬರೆದಿತ್ತು, ಅವಳ ಅಕ್ಷರದಲ್ಲಿ.

ಗೊಬ್ಬರ ಮಾಡುತ್ತೇವಲ್ಲ, ಮತ್ತೇನು ಅಂತ ಕೇಳುವವರೂ ಇದ್ದಾರೆ. ನಾವೂ ಮಾಡುತ್ತೇವೆ, ಒಳ್ಳೆಯದೇ. ಕಸದ ಗುಡ್ಡೆಯಡಿಯಲ್ಲಿ ಗಾಳಿಯಿಲ್ಲದೆ ಊಟ ಕೊಳೆತರೆ ಮೀಥೇನ್ ಬರುತ್ತದೆ. 100 ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಜಾಸ್ತಿ ಬಿಸಿ ಹಿಡಿದಿಡುತ್ತದೆ. ಗೊಬ್ಬರದ ಡಬ್ಬಿ ಅದನ್ನು ತಪ್ಪಿಸುತ್ತದೆ. ಆದರೆ ಒಂದು ಕಿಲೊ ಅಕ್ಕಿ ಬೆಳೆಯೋಕೆ ಮಳೆ ನೀರೂ ಸೇರಿ ಸರಾಸರಿ ಸುಮಾರು 2,500 ಲೀಟರ್ ನೀರು ಬೇಕು. ಆ ನೀರಿನಲ್ಲಿ ಒಂದು ಹನಿಯನ್ನೂ ಗೊಬ್ಬರ ವಾಪಸ್ ಕೊಡಲ್ಲ. ಸಿಪ್ಪೆ, ನಾರು ಗೊಬ್ಬರಕ್ಕೆ ಹೋಗಲಿ. ಡಬ್ಬಿ ಬಂದ ಹೊಸದರಲ್ಲಿ ನಾನು ಇಡೀ ಸೌತೆಕಾಯಿಗಳನ್ನೇ ಅದರಲ್ಲಿ ಹಾಕಿ ಹೆಮ್ಮೆಪಡುತ್ತಿದ್ದೆ. ಎಸೆಯೋಕೆ ಅದೊಂದು ಮರ್ಯಾದಸ್ಥ ದಾರಿ ಆಗಿತ್ತು.

2030ರೊಳಗೆ ಅಂಗಡಿ ಮತ್ತು ಮನೆಗಳ ಮಟ್ಟದಲ್ಲಿ ತಲೆವಾರು ಆಹಾರ ಪೋಲನ್ನು ಅರ್ಧಕ್ಕೆ ಇಳಿಸಬೇಕು ಅಂತ 2015ರಲ್ಲೇ ವಿಶ್ವಸಂಸ್ಥೆಯ ಸದಸ್ಯ ದೇಶಗಳು ಗುರಿ ಹಾಕಿಕೊಂಡಿವೆ. ಸರ್ಕಾರಗಳು ಏನು ಮಾಡುತ್ತವೋ ಮಾಡಲಿ. ನಮ್ಮ ನೋಟ್‌ಬುಕ್ಕಿನಲ್ಲಿ ಮೂರನೇ ತಿಂಗಳ ಪಟ್ಟಿ ಮೊದಲನೆಯದರ ಅರ್ಧ ಆಗಿದೆ. ಇದನ್ನು ದೊಡ್ಡ ಸಾಧನೆ ಅಂತ ಹೇಳಿಕೊಳ್ಳೋಕೆ ಹೊರಟಿದ್ದೆ. ಅಷ್ಟರಲ್ಲಿ ಅಡುಗೆಮನೆಯಿಂದ ಕೂಗು ಬಂತು.

"ಭಾನುವಾರ ತಂದ ಸೊಪ್ಪು ಇನ್ನೂ ಇಲ್ಲೇ ಇದೆ. ಯಾರು ತಂದದ್ದು?"

ಮೂರು ಕಟ್ಟು. ತಾಜಾ ಇತ್ತು, ಬಿಟ್ಟು ಬರೋಕೆ ಮನಸ್ಸಾಗಲಿಲ್ಲ. ಇವತ್ತು ಗುರುವಾರ. ಒಂದು ಕಟ್ಟಿನ ತುದಿ ಹಳದಿ ತಿರುಗಿದೆ, ಉಳಿದೆರಡು ಚೆನ್ನಾಗಿವೆ. ಬಿಡಿಸೋಕೆ ಹೋಗುತ್ತಿದ್ದೇನೆ.