ಹಳೇ ಪಾತ್ರೆ ತಕ್ಕಡಿಗೆ ಹಾಕುವ ಮೊದಲು

ರಜೆಗೆ ಊರಿಗೆ ಬಂದವರು ಈಚೆಗೆ ಒಂದು ಪ್ರಶ್ನೆ ಕೇಳುತ್ತಾರೆ: ದಾವಣಗೆರೆಯಲ್ಲಿ ಆಂಟಿಕ್ ಅಂಗಡಿ ಎಲ್ಲಿದೆ? ಆ ಬೋರ್ಡು ಹುಡುಕೋದನ್ನು ಮೊದಲು ಬಿಡಿ. ನಮ್ಮೂರ ಹಳೇ ಸಾಮಾನು ಗಾಜಿನ ಶೋಕೇಸಿನಲ್ಲಿ ಕೂತಿಲ್ಲ. ಹಳೇಪೇಟೆಯ ಪಾತ್ರೆ ಅಂಗಡಿಯಲ್ಲಿ, ತಕ್ಕಡಿ ಪಕ್ಕದ ಗೋಣಿಚೀಲದಲ್ಲಿ, ಕುಲುಮೆಗೆ ಹೋಗೋ ಸರದಿ ಕಾಯ್ತಾ ಕೂತಿದೆ.

ಮಂಡಿಪೇಟೆ, ಚೌಕಿಪೇಟೆ, ಕಾಳಿಕಾದೇವಿ ರಸ್ತೆ, ಗಡಿಯಾರ ಕಂಬದ ಆಸುಪಾಸು. ಈ ಸುತ್ತು ನಡೆದೇ ನೋಡಬೇಕು, ಗಾಡಿ ತರಬೇಡಿ. ಹೈದರ್ ಅಲಿ ಈ ಊರನ್ನು ಅಪೋಜಿ ರಾಮ್ ಎಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟಾಗ, ಅವನು ವ್ಯಾಪಾರಸ್ಥರನ್ನು ಕರೆಸಿ ಇಲ್ಲಿ ನೆಲೆ ನಿಲ್ಲಿಸಿದ. ಆಮೇಲೆ ಹತ್ತಿ ಬಂತು, ಮಿಲ್ಲು ಬಂತು, ಭದ್ರಾ ನಾಲೆಯ ಭತ್ತ ಬಂತು, ಈಗ ಮೆಕ್ಕೆಜೋಳ. ದುಡ್ಡು ಓಡಾಡಿದ ಊರಲ್ಲಿ ಮದುವೆಗೆ ಪಾತ್ರೆ ಕೊಡೋದು ದೊಡ್ಡ ಮರ್ಯಾದೆ. ಹಂಡೆ, ಕೊಡ, ತಪ್ಪೇಲಿ, ಪರಾತ, ಗಂಗಾಳ, ಸಮೆ ಅನ್ನೋ ಎತ್ತರದ ದೀಪ ಇವೆಲ್ಲ ಮನೆಮನೆಗೂ ಹೀಗೇ ಬಂದವು. ಈಗ ಮನೆ ಸಣ್ಣದಾಯ್ತು, ಅಟ್ಟ ಇಲ್ಲ, ಬಚ್ಚಲ ಒಲೆ ಇಲ್ಲ. ಹಾಗಾಗಿ ಅವೇ ಪಾತ್ರೆಗಳು ಹೊಸ ಸ್ಟೀಲಿಗೆ ಬದಲಾಗಿ ತೂಕದ ಲೆಕ್ಕದಲ್ಲಿ ವಾಪಸ್ ಪೇಟೆಗೆ ಬರುತ್ತಿವೆ.

ನನ್ನ ತಕರಾರು ಇರೋದೇ ಈ ತೂಕದ ಲೆಕ್ಕದ ಮೇಲೆ. ಕೊಡೋವರಿಗೂ ಗೊತ್ತಿಲ್ಲದೆ ಕಂಚು ಹಿತ್ತಾಳೆ ರೇಟಿಗೆ ಹೋಗುತ್ತೆ, ಕೈಯಲ್ಲಿ ಬಡಿದ ಕೊಡ ಮುರುಕು ನಲ್ಲಿ ಜೊತೆ ಒಂದೇ ಚೀಲಕ್ಕೆ ಬೀಳುತ್ತೆ. ಆದ್ದರಿಂದ ಕೊಳ್ಳೋರೂ ಮಾರೋರೂ ಇಬ್ಬರೂ ಲೋಹ ಗುರುತು ಹಿಡಿಯೋದು ಕಲಿಯಬೇಕು.

ತಾಮ್ರ ಕೆಂಪು, ಅದರಲ್ಲಿ ಗೊಂದಲವಿಲ್ಲ. ಹಿತ್ತಾಳೆ ಅಂದರೆ ತಾಮ್ರಕ್ಕೆ ಸತು ಬೆರೆಸಿದ್ದು. ಕಂಚು ಅಂದರೆ ತಾಮ್ರಕ್ಕೆ ತವರ ಬೆರೆಸಿದ್ದು. ಊಟದ ತಟ್ಟೆ, ಬಟ್ಟಲು, ಗಂಟೆಯ ಒಳ್ಳೇ ಕಂಚಿನಲ್ಲಿ ಹೆಚ್ಚುಕಡಿಮೆ 78 ಪಾಲು ತಾಮ್ರ, 22 ಪಾಲು ತವರ. ತವರ ದುಬಾರಿ, ಅದಕ್ಕೇ ಕಂಚು ದುಬಾರಿ. ಮಣ್ಣು ಹಿಡಿದು ಕಪ್ಪಾದ ಮೇಲೆ ಹಿತ್ತಾಳೆ, ಕಂಚು ಎರಡೂ ಒಂದೇ ಥರ ಕಾಣುತ್ತವೆ. ಬಟ್ಟಲನ್ನು ಐದು ಬೆರಳ ತುದಿ ಮೇಲೆ ಕೂರಿಸಿ, ಅಂಗೈ ತಾಗದ ಹಾಗೆ ಹಿಡಿದು, ಅಂಚಿಗೆ ಮರದ ಸೌಟಿನ ಹಿಡಿಯಿಂದ ಮೆಲ್ಲಗೆ ತಟ್ಟಿ. ಕಂಚಾದರೆ ನಾದ ಎಳೆದುಕೊಂಡು ಹೋಗುತ್ತೆ, ನೀವು ಮೂರು ನಾಲ್ಕು ಎಣಿಸೋವರೆಗೂ ಕಿವಿಯಲ್ಲಿರುತ್ತೆ. ಹಿತ್ತಾಳೆ ಬೇಗ ಸುಮ್ಮನಾಗುತ್ತೆ. ಕಂಚೇ ಆಗಿದ್ದು ಡಬ್ ಅಂದರೆ ಎಲ್ಲೋ ಕೂದಲೆಳೆ ಬಿರುಕಿದೆ. ಅದನ್ನು ಬಿಡಿ. ಕಂಚು ಬಾಗೋ ಲೋಹವಲ್ಲ, ಒಡೆಯೋ ಲೋಹ. ಬಿರುಕು ಬಿಟ್ಟ ಕಂಚಿಗೆ ಬೆಸುಗೆ ನಿಲ್ಲೋದು ಕಷ್ಟ.

ಜೇಬಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಳ್ಳಿ. ಅಂಟಿಕೊಂಡರೆ ಅದು ಬಣ್ಣ ಹತ್ತಿಸಿದ ಕಬ್ಬಿಣ. ಅಂಟಲಿಲ್ಲ ಅಂದಮಾತ್ರಕ್ಕೆ ಹಿತ್ತಾಳೆ ಅಂತಲೂ ಅಲ್ಲ, ಅಲ್ಯೂಮಿನಿಯಂಗೂ ಸತುವಿನ ಎರಕಕ್ಕೂ ಅಯಸ್ಕಾಂತ ಅಂಟಲ್ಲ. ಅಂಗಡಿಯವರನ್ನು ಕೇಳಿ ತಳದ ಒಳಮೂಲೆಯಲ್ಲಿ ಕಾಣದ ಕಡೆ ಸಣ್ಣದಾಗಿ ಗೀರಿ ನೋಡಿ. ಒಳಗೂ ಹಳದಿ ಇದ್ದರೆ ಸರಿ, ಬೂದು ಬಿಳಿ ಕಂಡರೆ ಮೇಲಿನದು ಬರೀ ಲೇಪ.

ಹಳೇದೋ ಹೊಸದೋ ಅನ್ನೋದಕ್ಕೆ ಕೊಡ ಒಳ್ಳೇ ಪಾಠ. ಬೆಳಕಿಗೆ ಹಿಡಿದು ಹೊಟ್ಟೆಯ ಸುತ್ತ ನೋಡಿ. ಮೇಲಿನ ಭಾಗ, ಕೆಳಗಿನ ಭಾಗ ಬೇರೆಬೇರೆ ಬಡಿದು ಕೂಡಿಸಿದ್ದರೆ, ಕೂಡಿದ ಕಡೆ ಗರಗಸದ ಹಲ್ಲಿನಂಥ ಗೆರೆ ಕಾಣುತ್ತೆ. ತಗಡಿನ ಅಂಚು ಕತ್ತರಿಸಿ ಹಲ್ಲಿಗೆ ಹಲ್ಲು ಕೂರಿಸಿ ಬೆಸೆದು ಬಡಿದ ಗುರುತು ಅದು. ಜೊತೆಗೆ ಮೈತುಂಬ ಸುತ್ತಿಗೆಯ ಪುಟ್ಟ ಪುಟ್ಟ ಗುಳಿ, ಒಂದರ ಹಾಗೆ ಇನ್ನೊಂದಿಲ್ಲ. ಒಳಗೆ ಒಂದೇ ಸಮನೆ ಗ್ರಾಮಫೋನ್ ತಟ್ಟೆಯ ಹಾಗೆ ಸುತ್ತು ಗೆರೆ ಇದ್ದರೆ ಅದು ಯಂತ್ರದ ಮೇಲೆ ತಿರುಗಿಸಿ ಮಾಡಿದ್ದು. ಕೊರಳ ಕೆಳಗೆ ಹೆಸರು ಕೊರೆಸಿದ್ದರೆ ಬೆರಳು ಸವರಿ. ಉಳಿಯ ಮೊನೆಯಿಂದ ಚುಕ್ಕೆ ಚುಕ್ಕೆಯಾಗಿ ಹೊಡೆದ ಅಕ್ಷರ ಉಗುರಿಗೆ ತಾಗುತ್ತೆ. ಯಾರು ಯಾರ ಮದುವೆಗೆ ಕೊಟ್ಟರು, ಯಾವ ತಾರೀಖು ಅನ್ನೋದು ಕೆಲವು ಸಲ ಪೂರ್ತಿ ಇರುತ್ತೆ. ಹಳೇ ಪಾತ್ರೆಗೆ ಇದಕ್ಕಿಂತ ನಂಬಿಕೆಯ ದಾಖಲೆ ಬೇರೆ ಇಲ್ಲ. ಅಂಥ ಹೆಸರು ಉಜ್ಜಿಸಿ ಅಳಿಸಿ ಕೊಡ್ತೀವಿ ಅಂದರೆ ದಯವಿಟ್ಟು ಬೇಡ ಅನ್ನಿ.

ಬೇಕಂತಲೇ ಹಳೇದು ಮಾಡಿದ ಸಾಮಾನೂ ಬರುತ್ತೆ, ಹೆಚ್ಚಾಗಿ ದೀಪ ಮತ್ತು ಸಣ್ಣ ವಿಗ್ರಹ. ನಿಜವಾಗಿ ಬಳಸಿದ್ದು ಕೈ ಬೀಳೋ ಕಡೆ ಮಾತ್ರ ಸವೆದಿರುತ್ತೆ: ಹಿಡಿ, ಅಂಚು, ನೆಲಕ್ಕೆ ತಾಗೋ ತಳ. ಸಂದಿಗಳಲ್ಲಿ ಎಣ್ಣೆಜಿಡ್ಡು ಗಟ್ಟಿಯಾಗಿರುತ್ತೆ. ಆಸಿಡ್ ಹಾಕಿ ಹಳೇದು ಮಾಡಿದ್ದು ಮೈಯೆಲ್ಲ ಒಂದೇ ಸಮ ಹಸಿರು ಕಪ್ಪು. ಒದ್ದೆ ಹತ್ತಿಯಿಂದ ಒರೆಸಿದರೆ ಹಸಿರು ಪುಡಿ ಹತ್ತಿಗೆ ಬಂದುಬಿಡುತ್ತೆ.

ಇನ್ನು ವ್ಯವಹಾರ. ಅಂಗಡಿಯಲ್ಲಿ ಎರಡು ರೇಟು ಇರುತ್ತವೆ, ಹಳೇದನ್ನು ಅವರು ಕೊಳ್ಳೋ ರೇಟು, ಹೊಸದನ್ನು ನಮಗೆ ಕೊಡೋ ರೇಟು. 'ಸಾವ್ಕಾರ್ರೇ, ಹಳೇ ಕಂಚಿಗೆ ಎಷ್ಟು, ಹಳೇ ಹಿತ್ತಾಳೆಗೆ ಎಷ್ಟು, ಮಜೂರಿ ಬೇರೆನಾ?' ಅಂತ ಮೂರನ್ನೂ ಮೊದಲೇ ಕೇಳಿ, ಪಾತ್ರೆ ಚೀಲದಿಂದ ಆಮೇಲೆ ತೆಗೆಯಿರಿ. ಲೋಹವಾರು ಬೇರೆ ಬೇರೆ ತೂಗಿಸಿ. ಹಂಡೆಗೆ ಕಬ್ಬಿಣದ ಕಡಗ ಇದ್ದರೆ ಅಂದಾಜಿಗೆ ಒಂದು ಕೆ.ಜಿ. ಕಳೆದುಬಿಡ್ತಾರೆ, ಕಡಗ ಬಿಚ್ಚಿಸಿ ತೂಗಿದರೆ ಅದು 400 ಗ್ರಾಂ ಕೂಡ ಇರಲಿಕ್ಕಿಲ್ಲ. ಕೊಳ್ಳೋರಾದರೆ ಚೀಲದಲ್ಲಿದ್ದ ಹಳೇ ಪಾತ್ರೆಗೆ ಅವರ ಕೊಳ್ಳೋ ರೇಟಿನ ಮೇಲೆ ಕೊಂಚ ಲಾಭ ಸೇರಿಸಿ ಕೇಳಿ, ಹೊಸ ಪಾತ್ರೆಯ ಮಜೂರಿ ಕೊಡಬೇಕಿಲ್ಲ. ಲೋಹದ ಹೆಸರು, ತೂಕ ಎರಡೂ ಬರೆದ ಬಿಲ್ಲು ಪಡೆಯಿರಿ. ಮದುವೆ ಸೀಜನ್ನಿನ ಸಂಜೆ, ದೀಪಾವಳಿ ವಾರ ಬೇಡವೇ ಬೇಡ, ಅಂಗಡಿಯವರಿಗೆ ತಲೆ ಎತ್ತೋಕೆ ಪುರುಸೊತ್ತಿರಲ್ಲ. ವೈಶಾಖ, ಜ್ಯೇಷ್ಠದ ಮದುವೆ ಮುಗಿದು ಆಷಾಢ ಶುರುವಾದ ಮೇಲೆ, ಬೆಳಿಗ್ಗೆ ಬಾಗಿಲು ತೆಗೆದು ಪೂಜೆ ಮುಗಿದ ಮೇಲೆ ಹೋಗಿ. ಬದಲಿಗೆ ಬಂದ ಹಳೇದೂ ಆಗ ಹೆಚ್ಚು, ಮಾತಾಡೋಕೆ ಸಮಯವೂ ಹೆಚ್ಚು.

ಅಡುಗೆಗೆ ಅಂತ ಕೊಳ್ಳೋರು ನೀರು ತುಂಬಿಸಿ ಒಣ ಪೇಪರ್ ಮೇಲೆ ಹತ್ತು ನಿಮಿಷ ಇಡಿಸಿ. ತಳದಲ್ಲಿ ಬೂದು ಬಣ್ಣದ ತೇಪೆ ಇದ್ದರೆ ಅದು ಸೀಸ ಬೆರೆತ ಬೆಸುಗೆ ಇರಬಹುದು, ಅಂಥದ್ದು ಹೂವಿಡೋಕೆ ಸಾಕು, ಸಾರಿಗೆ ಬೇಡ. ಹಿತ್ತಾಳೆ, ತಾಮ್ರಕ್ಕೆ ಕಲಾಯಿ ಇಲ್ಲದೆ ಹುಣಸೆ, ಮಜ್ಜಿಗೆ, ಟೊಮೆಟೊ ಹಾಕಲೇಬಾರದು, ಕಿಲುಬು ಇಳಿಯುತ್ತೆ. ಕಲಾಯಿ ಹಾಕೋವರು ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರ ಮುಟ್ಟಿಸಿ, ಹತ್ತಿಯಿಂದ ಒಂದೇ ಉಸಿರಿಗೆ ಸುತ್ತ ಒರೆಸುತ್ತಾರೆ. ಒಳ್ಳೇ ಕಲಾಯಿ ಬೆಳ್ಳಿಯ ಹಾಗೆ ಒಂದೇ ಸಮ ಹರಡಿರುತ್ತೆ. ಕಪ್ಪು ಮಚ್ಚೆ ಉಳಿದಿದ್ದರೆ ಅಲ್ಲಿ ಪಾತ್ರೆ ಸರಿಯಾಗಿ ತೊಳೆದಿರಲಿಲ್ಲ, ತವರ ಹಿಡಿದಿಲ್ಲ ಅಂತ ಅರ್ಥ. ಬಿಳಿ ಕಾಗದದಿಂದ ಉಜ್ಜಿ ನೋಡಿ. ಪೆನ್ಸಿಲ್ ಗೀಚಿದ ಹಾಗೆ ದಟ್ಟ ಗೆರೆ ಬಂದರೆ ತವರಕ್ಕೆ ಸೀಸ ಸೇರಿಸಿದ್ದಾರೆ ಅನ್ನೋ ಅನುಮಾನ ಪಡಬೇಕು. ತವರ 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತೆ. ಖಾಲಿ ಪಾತ್ರೆಯನ್ನು ಗ್ಯಾಸ್ ಮೇಲೆ ಮರೆತರೆ, ಒಗ್ಗರಣೆಗೆ ಎಣ್ಣೆ ಹೊಗೆ ಬರೋವರೆಗೂ ಕಾಯಿಸಿದರೆ ಕಲಾಯಿ ಹನಿಗಟ್ಟಿ ಹೋಗುತ್ತೆ. ತೊಳೆಯೋಕೆ ಸ್ಟೀಲಿನ ಜುಂಗು ಬೇಡ, ತೆಂಗಿನ ನಾರು ಸಾಕು.

ಹೊರಗೆ ಹೊಳಪು ಬೇಕೆಂದು ರಾತ್ರಿಯಿಡೀ ಹುಣಸೆಯಲ್ಲಿ ನೆನೆಹಾಕೋದು ಎಲ್ಲರೂ ಮಾಡೋ ತಪ್ಪು. ಹುಳಿಗೆ ಹಿತ್ತಾಳೆಯ ಮೇಲ್ಪದರದ ಸತು ಬಿಟ್ಟುಹೋಗಿ ತಾಮ್ರ ಉಳಿಯುತ್ತೆ, ಬೆಳಿಗ್ಗೆ ನೋಡಿದರೆ ಗುಲಾಬಿ ಕೆಂಪು ಮಚ್ಚೆ. ಹುಣಸೆ, ಉಪ್ಪು ಹಚ್ಚಿ ಐದು ನಿಮಿಷಕ್ಕೆ ತೊಳೆದು, ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿ.

ಸೇರು, ಪಾವು, ಚಟಾಕು ಕಂಡರೆ ಬಿಡಬೇಡಿ. ತೂಕ-ಅಳತೆಯ 1956ರ ಕಾಯ್ದೆ ಬಂದು 1962ರ ಹೊತ್ತಿಗೆ ವ್ಯಾಪಾರವೆಲ್ಲ ಕಿಲೋಗೆ ತಿರುಗಿತು. ನಮ್ಮಲ್ಲಿ ಮಂಡಕ್ಕಿ ಮಾತ್ರ ಇವತ್ತಿಗೂ ಸೇರಿನಲ್ಲೇ ಅಳೆಯೋದು. ಹಳೇ ಅಳತೆಯ ಅಂಚಿನಲ್ಲಿ ಸರ್ಕಾರಿ ಮೊಹರು ಇದೆಯಾ ನೋಡಿ. ಮೊಹರು ಸವೆಯದೆ ಉಳಿದದ್ದಕ್ಕೆ ಬೆಲೆ ಹೆಚ್ಚು. ಮಿಲ್ಲಿನ ಕಾಲದ, ಬಟ್ಟೆ ನೇಯೋವಾಗ ನೂಲು ಒಯ್ಯೋ ಮರದ ಲಾಳಿ, ಉಕ್ಕಿನ ಮೊನೆ ಇರೋವು, ಗುಜರಿಯಲ್ಲಿ ಸಿಕ್ಕರೆ ಅವನ್ನೂ ಎತ್ತಿಕೊಳ್ಳಿ. ಹತ್ತಿ ಗಿರಣಿಯಿಂದ ಹೆಸರು ಮಾಡಿದ ಊರಲ್ಲಿ ಅವು ಸೌದೆಯಾಗಬಾರದು.

ಕಂಬಳಿ ಬೇಕಾದವರು ಚಳ್ಳಕೆರೆ ಕಡೆಯ ಕುರಿ ಉಣ್ಣೆಯದ್ದೇ ಕೇಳಿ. ಅಂಚಿನ ಒಂದು ಎಳೆ ಕಿತ್ತು ಸುಡಿ: ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಗಟ್ಟಿ ಮಣಿಯಾಗಿ ಅಂಟಿದರೆ ಪ್ಲಾಸ್ಟಿಕ್ ನೂಲು. ಹೊಸ ಕಂಬಳಿ ಬಿರುಸಾಗಿರೋದು ಹುಣಸೆ ಬೀಜದ ಗಂಜಿಯಿಂದ, ಅದು ದೋಷವಲ್ಲ.

ಕಾನೂನಿನ ವಿಷಯ ಒಂದಿದೆ, ಇದನ್ನು ಹಗುರವಾಗಿ ತಗೋಬೇಡಿ. 1972ರ ಪುರಾವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತು, ಶಿಲ್ಪ, ನಾಣ್ಯ ಇತ್ಯಾದಿ ಪುರಾವಸ್ತು. ಹಸ್ತಪ್ರತಿಗಾದರೆ 75 ವರ್ಷ. ಅವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ಹೊರದೇಶಕ್ಕೆ ಒಯ್ಯುವಂತಿಲ್ಲ. ಕಲ್ಲಿನ ವಿಗ್ರಹ, ವೀರಗಲ್ಲಿನ ತುಂಡು, ತಾಳೆಗರಿ ಯಾರಾದರೂ ಚೀಲದಿಂದ ತೆಗೆದು ತೋರಿಸಿದರೆ ಬೆಲೆಯನ್ನೇ ಕೇಳಬೇಡಿ, ಅದು ಯಾವುದೋ ಊರ ಗುಡಿಯದ್ದಿರಬಹುದು. 'ಪಾಯ ತೋಡುವಾಗ ಬಂಗಾರದ ನಾಣ್ಯ ಸಿಕ್ಕಿದೆ, ಕಡಿಮೆಗೆ ಕೊಡ್ತೀವಿ' ಅನ್ನೋ ಫೋನು ನಮ್ಮ ಕಡೆ ಹೆಸರುವಾಸಿ ಮೋಸ. ಮೊದಲು ತೋರಿಸೋ ಒಂದು ನಾಣ್ಯ ಅಸಲಿ, ಆಮೇಲಿನ ಚೀಲ ಪೂರ್ತಿ ನಕಲಿ. ಅಮೆರಿಕದಲ್ಲಿರೋ ಮಗಳಿಗೆ ಅಜ್ಜಿಯ ಸಮೆ ಕಳಿಸಬೇಕಾದರೆ ಅದು ಪುರಾವಸ್ತು ಅಲ್ಲ ಅಂತ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪ್ರಮಾಣಪತ್ರ ಮಾಡಿಸಿಕೊಳ್ಳಿ. ಮುಂದೆ, ಹಿಂದೆ, ತಳ, ಹೆಸರು ಕೊರೆದ ಜಾಗ ಎಲ್ಲದರ ಫೋಟೊ ತೆಗೆದು, ಎತ್ತರ, ತೂಕ ಬರೆದು ಮೊದಲೇ ಅರ್ಜಿ ಹಾಕಿ. ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ತಡೆದು ನಿಲ್ಲಿಸಿದ ಮೇಲೆ ಅದನ್ನು ಮಾಡಿಸೋಕೆ ಆಗಲ್ಲ.